ಹುಲಿಗೆಮ್ಮ ಉಪ್ಪು ಬಿಟ್ಟ ದಿನಗಳು

2007ರ ಬೇಸಿಗೆ. ನಾನಾಗ ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಫಿಜಿಷಿಯನ್ ಅಸಿಸ್ಟೆಂಟ್ ಆಗಿದ್ದೆ. ಕೆಲಸ ಬಿಟ್ಟು ವರ್ಷಗಳಾದವು. ಈಗ ಮನೆ, ಅಡುಗೆ, ದೇವರ ಪೂಜೆ, ಇಷ್ಟೇ ನನ್ನ ಲೋಕ. ದಿನಕ್ಕೊಂದಾದರೂ ಒಳ್ಳೆಯದನ್ನು ನೆನೆದು ಕೈಮುಗಿಯುವುದು ನನ್ನ ಅಭ್ಯಾಸ. ನಲ್ಲಿಯಲ್ಲಿ ನೀರು ಬಂದರೂ ಮುಗಿಯುತ್ತೇನೆ, ನಮ್ಮೂರಿನಲ್ಲಿ ಅದೇನು ಸಣ್ಣ ಭಾಗ್ಯವಲ್ಲ. ಆದರೆ ಹುಲಿಗೆಮ್ಮನ ಸಂಗತಿ ನೆನಪಾದ ದಿನ ಮೊದಲು ಸಿಟ್ಟು ಬರುತ್ತದೆ, ಆಮೇಲೆ ದೇವರು. ಆ ಸಿಟ್ಟು ಆರಬಾರದೆಂದೇ ಇದನ್ನು ಬರೆಯುತ್ತಿದ್ದೇನೆ.

ಫಿಜಿಷಿಯನ್ ಅಸಿಸ್ಟೆಂಟ್ ಎಂದರೆ ಡಾಕ್ಟರಲ್ಲ, ನರ್ಸೂ ಅಲ್ಲ. ನಾನು ಮದ್ರಾಸಿನಲ್ಲಿ ಈ ಕೋರ್ಸ್ ಮುಗಿಸಿ ಬಂದಾಗ ಬಳ್ಳಾರಿಯಲ್ಲಿ ಆ ಹೆಸರು ಕೇಳಿದವರೇ ಕಡಿಮೆ. ಡಾಕ್ಟರ್ ನೋಡುವ ಮೊದಲು ರೋಗಿಯ ಹತ್ತಿರ ಕೂತು ಅವನ ಕಥೆಯನ್ನೆಲ್ಲ ಕೇಳಿ ಬರೆದುಕೊಳ್ಳಬೇಕು, ನಾಡಿ, ಬಿಪಿ ನೋಡಬೇಕು, ಔಷಧ ಒಗ್ಗುತ್ತಿದೆಯೇ ಇಲ್ಲವೇ ಗಮನಿಸಬೇಕು. ಔಷಧ ಬರೆಯುವ ಅಧಿಕಾರ ಡಾಕ್ಟರದು. ನನ್ನ ಅತ್ತೆ ಮಾತ್ರ ಕೊನೆಯವರೆಗೂ ‘ನಮ್ಮ ಸೊಸಿ ಹುಚ್ಚರ ಡಾಕ್ಟರಿನ ಗುಮಾಸ್ತಿ’ ಎಂದೇ ಹೇಳಿಕೊಂಡು ಬಂದರು.

ಆಗ ಊರಿಗೆ ಅದಿರಿನ ಹುಚ್ಚು ಹಿಡಿದಿತ್ತು. ರಸ್ತೆ ತುಂಬ ಟಿಪ್ಪರ್, ಮರದ ಎಲೆಯೂ ಕೆಂಪು, ಒಣಗಹಾಕಿದ ಬಟ್ಟೆಯೂ ಕೆಂಪು. ದಿನ ಬೆಳಗಾದರೆ ಅಪಘಾತ. ನಮ್ಮ ಆಸ್ಪತ್ರೆಯವರು ಮುಂದುಗಡೆ ಹೊಸದಾಗಿ ದೊಡ್ಡ ಕ್ಯಾಶುಯಾಲ್ಟಿ, ಅಂದರೆ ತುರ್ತು ಚಿಕಿತ್ಸಾ ವಿಭಾಗ, ಕಟ್ಟಿಸಿದ್ದರು. ಮನೋರೋಗ ವಿಭಾಗಕ್ಕೆ ಸಿಕ್ಕಿದ್ದು ಹಿಂದೆ ಜನರೇಟರ್ ಪಕ್ಕದ ಎರಡು ಕೋಣೆ. ಜನರೇಟರ್ ಶುರುವಾದರೆ ರೋಗಿ ಅಳುತ್ತಿದ್ದಾನೋ ನಗುತ್ತಿದ್ದಾನೋ ಮುಖ ನೋಡಿಯೇ ತಿಳಿಯಬೇಕು.

ಪ್ರತಿ ಗುರುವಾರ ನಮ್ಮ ವಿಭಾಗದ ಡಾಕ್ಟರೂ ನಾನೂ ಸಿರುಗುಪ್ಪಕ್ಕೆ ಹೋಗುತ್ತಿದ್ದೆವು. ಬಸ್ ನಿಲ್ದಾಣದ ಹತ್ತಿರ ಒಂದು ಔಷಧ ಅಂಗಡಿಯ ಮಹಡಿ ಮೇಲೆ ನಮ್ಮ ಕ್ಲಿನಿಕ್. ಡಾಕ್ಟರ್ ಮೂರು ತಾಸು ಕೂರುತ್ತಿದ್ದರು. ಹೊಸ ರೋಗಿಗಳನ್ನು ಮಾತ್ರ ಅವರು ನೋಡುವುದು. ಹಳಬರು ‘ಆರಾಮ ಅದೀನಿ’ ಎಂದರೆ ನಾನು ಹಳೆಯ ಚೀಟಿಯ ಮೇಲೆ ‘ರಿಪೀಟ್’ ಎಂದು ಬರೆದು ಅವರ ಮುಂದಿಡುವುದು, ಅವರು ತಲೆ ಎತ್ತದೆ ಸಹಿ ಹಾಕುವುದು. ಇದು ನಮ್ಮ ಪದ್ಧತಿ. ಸೋಮಾರಿತನವನ್ನು ಪದ್ಧತಿ ಎಂದು ಕರೆದಿದ್ದೆವು ಎಂದು ಈಗ ಹೇಳುತ್ತೇನೆ. ಆಗ ನನಗೂ ಅದು ಅನುಕೂಲವಾಗಿಯೇ ಇತ್ತು.

ಹುಲಿಗೆಮ್ಮ ಈ ಹಳಬರಲ್ಲಿ ಒಬ್ಬಳು. ವಯಸ್ಸು ಇಪ್ಪತ್ತಾರು. ತವರು ಸಿರುಗುಪ್ಪ, ತಂದೆ ಅಕ್ಕಿ ಗಿರಣಿಯಲ್ಲಿ ಹಮಾಲ. ಕೊಟ್ಟದ್ದು ಕುರುಗೋಡಿಗೆ. ಹೆರಿಗೆಯಾದ ಮೇಲೆ ಅವಳಿಗೆ ಉನ್ಮಾದ ಕಾಣಿಸಿಕೊಂಡಿತ್ತು. ವಾರಗಟ್ಟಲೆ ನಿದ್ದೆಯಿಲ್ಲ, ತಡೆಯಿಲ್ಲದ ಮಾತು, ತವರಿನ ಪಾತ್ರೆಗಳನ್ನೆಲ್ಲ ಬೀದಿಗೆ ತಂದು ಕಂಡಕಂಡವರಿಗೆ ಹಂಚಿಬಿಟ್ಟಿದ್ದಳು. ಲಿಥಿಯಂ ಮಾತ್ರೆ ಅವಳಿಗೆ ಚೆನ್ನಾಗಿ ಹಿಡಿಯಿತು. ಎರಡು ವರ್ಷ ಎಲ್ಲರಂತೆ ಸಂಸಾರ ಮಾಡಿಕೊಂಡಿದ್ದಳು. ಕುರುಗೋಡಿನ ಜನಕ್ಕೆ ಗೊತ್ತಾಗಬಾರದೆಂದು ತವರಿಗೆ ಬರುವ ನೆಪದಲ್ಲಿ ತಿಂಗಳಿಗೊಮ್ಮೆ ಸಿರುಗುಪ್ಪದಲ್ಲೇ ಮಾತ್ರೆ ಒಯ್ಯುತ್ತಿದ್ದಳು. ಜೊತೆಗೆ ಯಾವಾಗಲೂ ಅತ್ತೆ ಈರಮ್ಮ. ಬಾಯಿ ಜೋರು, ಕರುಳು ಮೆದು.

ಆ ಗುರುವಾರ ಹುಲಿಗೆಮ್ಮನ ಮುಖ ಬಾಡಿತ್ತು. ಕೇಳಿದೆ.

“ನನಗೇನೂ ಇಲ್ರಿ ಅಕ್ಕಾರ, ಆರಾಮ ಅದೀನಿ. ಇವರದಾ ಚಿಂತಿ. ಮೊನ್ನಿ ಇವರ ಗೆಳೆಯನ ಟಿಪ್ಪರ್ ಪಲ್ಟಿ ಆಗಿ ಅವ ಹೋಗೇ ಬಿಟ್ಟ. ಇವರು ಗಾಡಿ ಹತ್ತಿದ್ರ ತಿರುಗಿ ಬರೋತನಕ ನನ್ನ ಜೀವ ಬಾಯಾಗ ಇರ್ತೈತಿ.”

ಅವಳ ಗಂಡ ದೊಡ್ಡಬಸಪ್ಪ ಅದಿರಿನ ಟಿಪ್ಪರ್ ಓಡಿಸುತ್ತಿದ್ದ. ಈರಮ್ಮ ನಡುವೆ ಬಾಯಿ ಹಾಕಿದಳು. “ಬಂದ್ರೂ ಗುರುತು ಸಿಗಂಗಿಲ್ಲ ಬಿಡ್ರಿ! ಮೈಯೆಲ್ಲ ಕೆಂಪು ಮಣ್ಣು. ಮೊನ್ನಿ ಬಾಗಲದಾಗ ನಿಂತಿದ್ದ, ಯಾವನೋ ಬೈರಾಗಿ ಬಂದಾನ ಅಂತ ನಾನು ಜೋಳ ತರಾಕ ಒಳಗ ಹೋದೆ.”

ಮೂವರೂ ನಕ್ಕೆವು. ನಗು ನಿಂತ ಮೇಲೆ ಹುಲಿಗೆಮ್ಮ ನನ್ನ ಕೈ ಹಿಡಿದು, “ಏನ್ ಮಾಡ್ಲಿ ಅಕ್ಕಾರ?” ಎಂದಳು. ಆಗ ನಾನು ಹೇಳಿದ ಮಾತನ್ನು ಮುಚ್ಚಿಡುವುದಿಲ್ಲ. “ದೇವರ ಮ್ಯಾಲೆ ಭಾರ ಹಾಕವ್ವ. ನನ್ನ ಮಗಗ ಟೈಫಾಯ್ಡ್ ಆದಾಗ ನಾನು ಇಪ್ಪತ್ತೊಂದು ದಿನ ಉಪ್ಪು ಬಿಟ್ಟಿದ್ದೆ. ದೇವರು ಕೈ ಬಿಡಲಿಲ್ಲ” ಎಂದೆ. ಬೇಡಿಕೆ ಈಡೇರಲೆಂದು ಉಪ್ಪು ಬಿಟ್ಟು ಸಪ್ಪೆ ಉಣ್ಣುವುದು ನಮ್ಮ ಕಡೆಯ ಹೆಂಗಸರಲ್ಲಿ ಹಳೆಯ ಹರಕೆ. ಧೈರ್ಯ ಹೇಳಲೆಂದು ನನ್ನ ಕಥೆ ಹೇಳಿದೆ, ಅಷ್ಟೇ. ನೀನೂ ಮಾಡು ಎನ್ನಲಿಲ್ಲ. ಮಾಡಬೇಡ ಎಂದೂ ಎನ್ನಲಿಲ್ಲ. ಚೀಟಿಯ ಮೇಲೆ ‘ರಿಪೀಟ್’ ಎಂದು ಬರೆದೆ, ಮುಂದಿನವರನ್ನು ಕರೆದೆ.

ಲಿಥಿಯಂ ಬಗ್ಗೆ ನಾಲ್ಕು ಮಾತು ಹೇಳಬೇಕು. ಒಳ್ಳೆಯ ಔಷಧ, ಆದರೆ ಗೆರೆ ದಾಟಿದರೆ ವಿಷ. ರಕ್ತದಲ್ಲಿ ಅದರ ಮಟ್ಟ ಒಂದರ ಆಸುಪಾಸು ಇದ್ದರೆ ಮನಸ್ಸು ನೆಟ್ಟಗಿರುತ್ತದೆ. ಒಂದೂವರೆ ದಾಟಿದರೆ ಕೈನಡುಕ, ವಾಂತಿ, ತೊದಲು. ಎರಡೂವರೆ ದಾಟಿದರೆ ಜೀವಕ್ಕೇ ಅಪಾಯ. ನಮ್ಮ ಮೂತ್ರಪಿಂಡ ಉಪ್ಪನ್ನೂ ಲಿಥಿಯಂ ಅನ್ನೂ ಹೆಚ್ಚುಕಡಿಮೆ ಒಂದೇ ಎಂದು ತಿಳಿಯುತ್ತದೆ. ಊಟದಲ್ಲಿ ಉಪ್ಪು ಇಲ್ಲವಾದರೆ, ಹೊರಗೆ ಹೋಗಬೇಕಾದ ಲಿಥಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ಬಿಸಿಲಿನಲ್ಲಿ ಬೆವರಿ, ಮೇಲೆ ಉಪ್ಪೂ ಬಿಟ್ಟರೆ, ದಿನಾ ನುಂಗುವ ಅದೇ ಮಾತ್ರೆ ಒಳಗೆ ಗುಡ್ಡೆಯಾಗುತ್ತದೆ. ಇದು ನನ್ನ ಪಠ್ಯದಲ್ಲಿತ್ತು. ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಮಾತ್ರೆ ಒಂದು ಪುಸ್ತಕ, ಹರಕೆ ಇನ್ನೊಂದು ಪುಸ್ತಕ ಎಂಬಂತೆ ಬದುಕಿದ್ದೆ. ಎರಡೂ ಹೋಗುವುದು ಒಂದೇ ಹೊಟ್ಟೆಗೆ ಎಂದು ಹೊಳೆಯಲಿಲ್ಲ.

ಎರಡು ವಾರ ಕಳೆದ ಮೇಲೆ ಈರಮ್ಮ ಕುರುಗೋಡಿನ ಕಾಯಿನ್ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದಳು. “ಅಕ್ಕಾರ, ನಮ್ಮ ಹುಡುಗಿಗೆ ಮತ್ತ ತಲಿ ಕೆಟ್ಟೈತ್ರಿ. ಕೈ ನಡುಗ್ತಾವ, ಕುಡುದೋರಂಗ ವಾಲ್ಯಾಡ್ತಾಳ, ಮಾತು ತೊದಲ್ತೈತಿ.”

ಡಾಕ್ಟರ್ ಕಾರಿನತ್ತ ಹೊರಟಿದ್ದರು. ಓಡಿ ಹೋಗಿ ಹೇಳಿದೆ. “ಕಾಯಿಲೆ ಮರುಕಳಿಸಿದೆ. ಒಂದು ಮಾತ್ರೆ ಹೆಚ್ಚಿಸಲು ಹೇಳಿ” ಎಂದರು. ನಿಲ್ಲಲಿಲ್ಲ. ನಾನೂ ನಿಲ್ಲಿಸಲಿಲ್ಲ. ತಿರುಗಿ ಬಂದು, “ಮೂರರ ಬದಲು ನಾಲ್ಕು ಕೊಡ್ರಿ” ಎಂದು ಈರಮ್ಮನಿಗೆ ಹೇಳಿದ ಬಾಯಿ ಇದೇ. ವಿಷ ಏರಿದವಳಿಗೆ ಇನ್ನಷ್ಟು ವಿಷ ಕೊಡಿ ಎಂದಿತ್ತು.

ಮೂರನೆಯ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಅವಳನ್ನು ಬಸ್ಸಿನಲ್ಲಿ ಕರೆತಂದರು. ಈರಮ್ಮ ಒಂದು ತೋಳು, ಕಂಡಕ್ಟರ್ ಇನ್ನೊಂದು ತೋಳು ಹಿಡಿದಿದ್ದರು. ಆ ಪುಣ್ಯಾತ್ಮ ನಿಲ್ದಾಣದವರೆಗೆ ಹೋಗದೆ ಆಸ್ಪತ್ರೆಯ ಗೇಟಿನ ಮುಂದೆಯೇ ಬಸ್ ನಿಲ್ಲಿಸಿದ್ದ. ಪ್ರಯಾಣಿಕರು ಗೊಣಗಿದಾಗ, “ನಿಮ್ಮ ಮನಿ ಹೆಣ್ಮಗಳಾಗಿದ್ರ ಹಿಂಗ ಬೈತಿದ್ರೇನ್ರಿ?” ಎಂದು ಅವರ ಬಾಯಿ ಮುಚ್ಚಿಸಿದನಂತೆ.

ನನಗೆ ಸುದ್ದಿ ಬಂದು ಕ್ಯಾಶುಯಾಲ್ಟಿಗೆ ಹೋಗುವ ಹೊತ್ತಿಗೆ ಒಂದು ತಾಸು ಆಗಿತ್ತು. ಬೆಳಿಗ್ಗೆ ಎರಡು ಟಿಪ್ಪರ್ ಗುದ್ದಿಕೊಂಡಿದ್ದರಿಂದ ಮಂಚಗಳೆಲ್ಲ ತುಂಬಿದ್ದವು. ಹುಲಿಗೆಮ್ಮ ಗೋಡೆಯ ಬದಿ ನೆಲದ ಮೇಲೆ ಚಾಪೆಯಲ್ಲಿ ಬಿದ್ದಿದ್ದಳು. ಅರ್ಧ ತೆರೆದ ಕಣ್ಣು, ಒಣಗಿದ ತುಟಿ. ಕೈಕಾಲು ಮಾತ್ರ ಎಳೆದೆಳೆದು ಅದುರುತ್ತಿದ್ದವು. ಅವಳ ಬಿಪಿಯನ್ನೂ ಯಾರೂ ನೋಡಿರಲಿಲ್ಲ. ಅವಳ ಚೀಟಿಯ ಮೇಲೆ ಡ್ಯೂಟಿ ಡಾಕ್ಟರ್ ‘ಸೈಕಿಯಾಟ್ರಿ ಕೇಸ್’ ಎಂದು ಬರೆದು, ನಿದ್ದೆಯ ಇಂಜೆಕ್ಷನ್ ಸೂಚಿಸಿ, ಅತ್ತ ಹೋಗಿದ್ದರು.

ಉನ್ಮಾದದವಳು ಹೀಗಿರುವುದಿಲ್ಲ. ಕುಳಿತು ಅವಳ ಕೈ ಹಿಡಿದ ಕೂಡಲೇ ನನಗೆ ಭಯವಾಯಿತು. ಈರಮ್ಮನನ್ನು ಕೇಳಿದೆ, “ಏನು ಊಟ ಮಾಡ್ಯಾಳ?”

“ಊಟ ಎಲ್ಲಿದ್ರಿ? ಗಂಡನ ಸಲುವಾಗಿ ಹರಕಿ ಹೊತ್ತಾಳ. ಉಪ್ಪು ಮುಟ್ಟಂಗಿಲ್ಲ. ಇವತ್ತಿಗೆ ಹತ್ತೊಂಬತ್ತು ದಿನ. ಸಪ್ಪ ಗಂಜಿ ಕುಡೀತಿದ್ಳು, ನಾಕ್ ದಿನದಿಂದ ಅದೂ ವಾಂತಿ, ಭೇದಿ. ನಮ್ಮ ಮನ್ಯಾಗ ಉಪ್ಪಿಗೇನ್ ಬರಗಾಲ ಬಂದೈತೇನ ಅಂತ ಬೈದೆ. ಗಿರಿಜಕ್ಕಾರೂ ಬಿಟ್ಟಿದ್ರು, ಅವರ ಮಗ ಉಳದ, ಅಂದ್ಳು.”

ಗಿರಿಜಕ್ಕ ಎಂದರೆ ನಾನೇ. ಆದರೆ ಅಳುವುದಕ್ಕೆ ಅದು ಹೊತ್ತಲ್ಲ. ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ, ಹತ್ತಲಿಲ್ಲ. ಡ್ಯೂಟಿ ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಇದು ಲಿಥಿಯಂ ವಿಷ, ನಿದ್ದೆ ಇಂಜೆಕ್ಷನ್ ಬೇಡ, ಕೂಡಲೇ ನಾರ್ಮಲ್ ಸಲೈನ್ ಹಚ್ಚಬೇಕು, ರಕ್ತ ಕಳಿಸಬೇಕು ಎಂದೆ. ನಾರ್ಮಲ್ ಸಲೈನ್ ಎಂದರೆ ಉಪ್ಪುನೀರೇ, ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವುದು.

ಅವರು ಹರೆಯದವರು, ಬೆಳಗಿನಿಂದ ಕೂತವರಲ್ಲ. ಒಬ್ಬನ ಕಾಲಿಗೆ ಪಟ್ಟಿ ಕಟ್ಟುತ್ತಲೇ ಹೇಳಿದರು, “ಇಲ್ಲಿ ಕಾಲು ಮುರಿದವರು ಬಿದ್ದಿದ್ದಾರೆ. ನಿಮ್ಮ ಮೆಂಟಲ್ ಕೇಸ್ ಹಿಂದೆ ಒಯ್ಯಿರಿ ಮೇಡಂ. ಆಮೇಲೆ ನೋಡೋಣ.”

“ಆಮೇಲೆ ಅಂದ್ರೆ ಹೆಣ ನೋಡ್ತೀರಿ.”

“ನೀವೇನು ಡಾಕ್ಟರಾ?”

“ಅಲ್ಲ. ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ಸಲೈನ್ ಬೇಡ ಅಂತ ನಿಮ್ಮ ಕೈಯಿಂದ ಬರೆದು, ಟೈಮ್ ಹಾಕಿ, ಸಹಿ ಮಾಡಿ ಕೊಡಿ. ನಾನು ಸುಮ್ಮನೆ ಹೋಗ್ತೀನಿ.”

ಕೇಸ್ ಶೀಟನ್ನು ಅವರ ಮುಂದೆ ಹಿಡಿದು ನಿಂತೆ. ಕಾಲು ಮುರಿದ ಟಿಪ್ಪರ್ ಡ್ರೈವರ್ ನೋವಿನಲ್ಲೂ ತಲೆ ಎತ್ತಿ, “ಬರ್ದು ಕೊಡ್ರಿ ಡಾಕ್ಟ್ರೇ, ನನ್ನ ಕಾಲೇನು ಓಡಿ ಹೋಗಂಗಿಲ್ಲ” ಎಂದ. ಡಾಕ್ಟರ್ ನನ್ನನ್ನು ದುರುಗುಟ್ಟಿ ನೋಡಿ ಪೆನ್ನು ತೆಗೆದುಕೊಂಡರು. ‘ಬೇಡ’ ಎಂದು ಬರೆಯಲು ಅವರ ಕೈಗೂ ಧೈರ್ಯ ಬರಲಿಲ್ಲ. ಸಲೈನ್ ಬರೆದರು, ಮಾತ್ರೆ ನಿಲ್ಲಿಸಿ ಎಂದು ಬರೆದರು, ರಕ್ತ ಪರೀಕ್ಷೆ ಬರೆದರು.

ಆ ದಿನ ದೇವರು ತೋರಿದ ಕರುಣೆಗಳನ್ನು ನಾನು ಮರೆತಿಲ್ಲ. ಕಂಡಕ್ಟರ್ ಗೇಟಿನಲ್ಲೇ ನಿಲ್ಲಿಸಿದ್ದು ಒಂದು. ಅಷ್ಟು ಒಣಗಿದ ಕೈಯಲ್ಲಿ ಮೊದಲ ಸಲಕ್ಕೇ ರಕ್ತನಾಳ ಸಿಕ್ಕಿದ್ದು ಇನ್ನೊಂದು. ಲಿಥಿಯಂ ಪರೀಕ್ಷೆಯನ್ನು ನಮ್ಮ ಲ್ಯಾಬಿನಲ್ಲಿ ವಾರಕ್ಕೊಮ್ಮೆ ಎಲ್ಲ ಸ್ಯಾಂಪಲ್ ಸೇರಿಸಿ ಮಾಡುತ್ತಿದ್ದರು. ಲ್ಯಾಬಿನ ಹುಸೇನ್ ಭಾಯಿ ಊಟಕ್ಕೆ ಹೊರಟವರು ಡಬ್ಬಿ ಕೆಳಗಿಟ್ಟು, “ಒಂದೇ ಸ್ಯಾಂಪಲ್ಲಿಗೆ ಮಷೀನ್ ಚಾಲೂ ಮಾಡಿದ್ರ ಸಾಹೇಬ್ರು ನನ್ನ ಚರ್ಮ ಸುಲೀತಾರ. ಸುಲೀಲಿ ಬಿಡ್ರಿ” ಎಂದು ಒಳಗೆ ಹೋದರು. ಫಲಿತಾಂಶ 3.1. ಅದನ್ನು ನೋಡಿದ ಮೇಲೆ ಡ್ಯೂಟಿ ಡಾಕ್ಟರ್ ಓಡಿದರು. ಅದನ್ನೂ ಹೇಳಬೇಕು, ಅವರೇ ಸ್ಟ್ರೆಚರ್ ತಳ್ಳಿದರು. ಡಯಾಲಿಸಿಸ್ ಯಂತ್ರ ಖಾಲಿ ಇತ್ತು. ಮಧ್ಯಾಹ್ನ ಎರಡಕ್ಕೆ ಹಚ್ಚಿದರು.

ಕೈಮುಗಿದೆ. ಮುಗಿಯುತ್ತಲೇ ಸಿಟ್ಟು ಬಂತು. ಒಬ್ಬ ಕಂಡಕ್ಟರ್ ಒಳ್ಳೆಯವನಾಗಿದ್ದರಿಂದ, ಒಬ್ಬರು ಊಟ ತಡ ಮಾಡಿದ್ದರಿಂದ ಒಂದು ಜೀವ ಉಳಿಯುವುದಾದರೆ ಆಸ್ಪತ್ರೆ ಯಾಕೆ ಬೇಕು? ದೇವರು ತನ್ನ ಪಾಲಿನದನ್ನು ಮಾಡಿದ. ಸಂಬಳ ತೆಗೆದುಕೊಳ್ಳುವ ನಾವು ಏನು ಮಾಡಿದೆವು? ಕಾಲು ಮುರಿದವನ ಕಾಲನ್ನು ಎಲ್ಲರೂ ನೋಡುತ್ತಾರೆ. ಮನಸ್ಸು ಕೆಟ್ಟವಳು ಎಂದು ಚೀಟಿಯ ಮೇಲೆ ಬಿದ್ದ ಕೂಡಲೇ ಅವಳಿಗೆ ಮೂತ್ರಪಿಂಡವೂ ಇಲ್ಲ, ರಕ್ತವೂ ಇಲ್ಲ, ಬರೀ ಹುಚ್ಚು. ಒಂದು ತಾಸು ಅವಳು ಇಪ್ಪತ್ತು ಜನರ ಕಣ್ಣೆದುರು ನೆಲದ ಮೇಲಿದ್ದಳು!

ಹುಲಿಗೆಮ್ಮ ನಾಲ್ಕನೆಯ ದಿನ ಕಣ್ಣು ತೆರೆದು ನೀರು ಕೇಳಿದಳು. ಜೀವ ಉಳಿಯಿತು. ಪೂರ್ತಿ ಉಳಿಯಲಿಲ್ಲ. ಮಾತಿನಲ್ಲಿ ತೊದಲು, ನಡಿಗೆಯಲ್ಲಿ ವಾಲಾಟ ಹೋಗಲಿಲ್ಲ. ವಿಷ ಮಿದುಳಿನ ಹಿಂಭಾಗಕ್ಕೆ, ದೇಹದ ಸಮತೋಲ ತಪ್ಪದಂತೆ ನೋಡಿಕೊಳ್ಳುವ ಜಾಗಕ್ಕೆ, ಪೆಟ್ಟು ಕೊಟ್ಟಿತ್ತು. ಇದು ಹೀಗೆಯೇ ಉಳಿಯಬಹುದು ಎಂದು ಕಿಡ್ನಿ ಡಾಕ್ಟರೂ ನಮ್ಮ ಡಾಕ್ಟರೂ ಹೇಳಿದರು.

ಮರುವಾರ ನಮ್ಮ ಡಾಕ್ಟರ್ ನನ್ನನ್ನು ಕೋಣೆಗೆ ಕರೆದರು. ಆಡಳಿತದ ವ್ಯವಸ್ಥಾಪಕರೂ ಕೂತಿದ್ದರು. ಕೇಸ್ ಶೀಟಿನ ಕೊನೆಯ ಪುಟ ಟೈಪಾಗಿ ಸಿದ್ಧವಿತ್ತು. ‘ಉಪವಾಸ ಹಾಗೂ ಉಪ್ಪು ತ್ಯಜಿಸಿದ ವಿಷಯವನ್ನು ರೋಗಿ ತಿಳಿಸಿರಲಿಲ್ಲ’ ಎಂದಿತ್ತು. ಕೆಳಗೆ ಡಾಕ್ಟರ ಸಹಿ, ಅದರ ಕೆಳಗೆ ನನ್ನ ಹೆಸರು.

“ಸಹಿ ಮಾಡಿ ಗಿರಿಜಾ ಅವರೇ. ಸುಳ್ಳೇನಲ್ಲವಲ್ಲ” ಎಂದರು ವ್ಯವಸ್ಥಾಪಕರು.

ಸುಳ್ಳಲ್ಲ. ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಅನ್ನಕ್ಕೆ ಉಪ್ಪು ಹಾಕಿಕೊಳ್ಳುವುದು ಬಿಟ್ಟರೆ ಡಾಕ್ಟರಿಗೆ ಹೇಳಬೇಕು ಎಂದು ಹಮಾಲನ ಮಗಳಿಗೆ ಹೇಗೆ ಗೊತ್ತಾಗಬೇಕು? ಪುಸ್ತಕ ಓದಿದವರು ಯಾರು? ನಾನು ಪೆನ್ನು ತೆಗೆದು ಆ ಸಾಲಿಗೆ ಒಂದು ಗೆರೆ ಎಳೆದೆ. ಕೆಳಗೆ ಬರೆದೆ: ‘ನಾವು ಕೇಳಿರಲಿಲ್ಲ. ಎಂಟು ತಿಂಗಳಿಂದ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಲಕ್ಷಣ ಕೇಳಿದ ಮೇಲೂ ರೋಗಿಯನ್ನು ನೋಡದೆ ಮಾತ್ರೆ ಹೆಚ್ಚಿಸಿದೆವು. ಉಪ್ಪು ಬಿಟ್ಟ ನನ್ನ ಹರಕೆಯ ಕಥೆಯನ್ನು ರೋಗಿಗೆ ಹೇಳಿದವಳು ನಾನು.’ ಸಹಿ ಹಾಕಿದೆ.

“ನಿಮ್ಮ ಕುತ್ತಿಗೆಗೆ ನೀವೇ ಹಗ್ಗ ಹಾಕಿಕೊಳ್ತಿದ್ದೀರಿ” ಎಂದರು ವ್ಯವಸ್ಥಾಪಕರು.

“ಹಗ್ಗ ಉದ್ದ ಐತಿ ಸರ್, ಎಲ್ಲರಿಗೂ ಸಾಲ್ತದ” ಎಂದೆ. ಅಂಥ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

ಡಾಕ್ಟರ್ ಆ ಪುಟ ಹರಿಯಲಿಲ್ಲ. ಮೂರು ದಿನ ನನ್ನೊಡನೆ ಮಾತಾಡಲಿಲ್ಲ. ನಾಲ್ಕನೆಯ ದಿನ ಬಂದು, “ಏನು ಮಾಡಬೇಕು ಹೇಳಿ” ಎಂದರು. ನೋಡದೆ ‘ರಿಪೀಟ್’ ಇಲ್ಲ, ಫೋನಿನಲ್ಲಿ ಡೋಸ್ ಹೆಚ್ಚಿಸುವುದಿಲ್ಲ, ಲಿಥಿಯಂ ನುಂಗುವ ಪ್ರತಿಯೊಬ್ಬರ ರಕ್ತ ಮೂರು ತಿಂಗಳಿಗೊಮ್ಮೆ ಎಂದೆ. ಮೊದಲ ಪ್ರಶ್ನೆ ಮನಸ್ಸಿನದಲ್ಲ, ಊಟದ್ದು: ಏನು ಉಂಡಿರಿ, ಏನು ಬಿಟ್ಟಿರಿ, ಯಾವ ವ್ರತ, ಯಾವ ರೋಜಾ. ಒಪ್ಪಿದರು. ಹಳೆಯ ಚೀಟಿಗಳನ್ನೆಲ್ಲ ತೆಗೆದು ಒಬ್ಬೊಬ್ಬರನ್ನೇ ಕರೆಸಿ ಕೇಳುತ್ತ ಹೋದಾಗ ಉಪ್ಪು ಬಿಟ್ಟವರು ಇನ್ನಿಬ್ಬರು ಸಿಕ್ಕರು. ಅವರ ಮಟ್ಟ ಏರುತ್ತಿತ್ತು, ಜೀವಕ್ಕೆ ಬಂದಿರಲಿಲ್ಲ. ಮುಂದೆ ಆ ವಿಭಾಗದ ಉಸ್ತುವಾರಿ ನನಗೇ ಬಂತು. ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ತೋರಿಸುತ್ತಿದ್ದುದು ಹುಲಿಗೆಮ್ಮನ ಕೇಸ್ ಶೀಟಿನ ಆ ಕೊನೆಯ ಪುಟ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಕುರುಗೋಡಿಗೆ ಹೋದೆ. ಹುಲಿಗೆಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದಳು. ಒಳಗೆ ಈರಮ್ಮ ರೊಟ್ಟಿ ಬಡಿಯುತ್ತಿದ್ದಳು. ಹುಲಿಗೆಮ್ಮ ಬಡಿದರೆ ಕೈ ನಡುಕಕ್ಕೆ ಹರಿಯುತ್ತದಂತೆ. “ಹೊಲಿಗಿ ಹಾಕಿದ ರೊಟ್ಟಿ ಯಾರ್ ತಿಂತಾರ ಅಂತ ನಾನಾ ಬಡೀತೀನ್ರಿ” ಎಂದು ಈರಮ್ಮ ನಗಿಸಲು ನೋಡಿದಳು. ದೊಡ್ಡಬಸಪ್ಪ ಟಿಪ್ಪರ್ ಬಿಟ್ಟು ಅಕ್ಕಿ ಗಿರಣಿಯ ಗಾಡಿ ಓಡಿಸುತ್ತಿದ್ದ. ಮೈ ಮೇಲೆ ಕೆಂಪು ಇರಲಿಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನನಗೆ ಕುರ್ಚಿ ತಂದಿಟ್ಟ.

ಹುಲಿಗೆಮ್ಮ ಪಕ್ಕದಲ್ಲಿ ಕೂತು, ಒಂದೊಂದೇ ಮಾತನ್ನು ಕಷ್ಟಪಟ್ಟು ಹೊರಗೆ ತಂದಳು. “ಹರಕಿ... ಸುಳ್ಳಾಗ್ಲಿಲ್ಲ ನೋಡ್ರಿ ಅಕ್ಕಾರ. ಇವರು ಬಂದ್ರಲ್ಲ.”

ಆಮೇಲೆ ಅವಳೇ ಕೇಳಿದಳು, “ಇಪ್ಪತ್ತೊಂದರಾಗ... ಎರಡು ದಿನ ಉಳದಾವ್ರಿ. ದ್ಯಾವ್ರ ಬಾಕಿ. ಮಾಡ್ಲ್ಯಾ, ಬ್ಯಾಡಾ?”

ಲಿಥಿಯಂ ಬಿಡಿಸಿ ಬೇರೆ ಮಾತ್ರೆ ಕೊಡುತ್ತಿದ್ದೆವು. ಎರಡು ದಿನ ಉಪ್ಪು ಬಿಟ್ಟರೆ ಅವಳಿಗೆ ಏನೂ ಆಗುತ್ತಿರಲಿಲ್ಲ. ಆದರೂ, “ಬ್ಯಾಡವ್ವ. ಆ ಎರಡು ದಿನ ನನಗ ಕೊಡು. ನಾನು ಮಾಡ್ತೀನಿ” ಎಂದೆ. ಅವಳು ಅತ್ತೆಯ ಮುಖ ನೋಡಿದಳು. ಈರಮ್ಮ ಹಿಟ್ಟಿನ ಕೈಯಲ್ಲೇ ಹೇಳಿದಳು, “ಕೊಡವ್ವ, ಕೊಡು. ಇದನ್ನ ಹಚ್ಚಿದೋರೂ ಅವರೇ.”

ಆ ಮಾತಿನಲ್ಲಿ ವಿಷವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುವುದು ಸುಲಭವಿತ್ತು.

ಸೋಮವಾರ, ಮಂಗಳವಾರ ಸಪ್ಪೆ ಉಂಡೆ. ದೇವರ ಮೇಲೆ ನನಗೆ ಸಿಟ್ಟಿರಲಿಲ್ಲ. ಚೀಟಿಯ ಮೇಲೆ ಒಂದು ಪದ ಬರೆದು ಮುಂದಿನವರನ್ನು ಕರೆದ ನನ್ನ ಕೈಯ ಮೇಲಿತ್ತು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ‘ಆರಾಮ ಅದೀನಿ’ ಎಂದು ರೋಗಿ ಹೇಳಿದಾಗ ನಮ್ಮ ಕೆಲಸ ಮುಗಿಯುವುದಿಲ್ಲ, ಅಲ್ಲಿಂದ ಶುರುವಾಗುತ್ತದೆ. ಅಡುಗೆಮನೆಯಲ್ಲಿ ಇಂದು ಏನು ಬೆಂದಿತು ಎಂದು ಕೇಳಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ನಾವು ಕೊಡಲಿಲ್ಲ. ಕುರುಗೋಡಿನಲ್ಲಿ ಒಬ್ಬ ಹೆಣ್ಣುಮಗಳು ಇಂದಿಗೂ ಗೋಡೆ ಹಿಡಿದು ನಡೆಯುತ್ತಾಳೆ.